ಗೆಳೆಯನಿಗೊಂದು ಪತ್ರ: ನಿನ್ನ ವೈನರಿ ಪಟ್ಟಿಯಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕು

ದಾವಣಗೆರೆ

ಪ್ರೀತಿಯ ತಿಪ್ಪೇಸ್ವಾಮಿಗೆ,

ನಮಸ್ಕಾರ. ಫೆಬ್ರುವರಿಯಲ್ಲಿ ನೀನು, ಅತ್ತಿಗೆಯವರು ಮತ್ತು ನಿನ್ನ ಭಾವ ಕಾರಿನಲ್ಲಿ ನಾಸಿಕ್ ಕಡೆಗೆ ಹೊರಟಿರುವ ವಿಷಯ ತಿಳಿದು ಬಹಳ ಸಂತೋಷವಾಯಿತು. ನೀನು ಕಳುಹಿಸಿದ ಪಟ್ಟಿಯನ್ನು ನಿಧಾನವಾಗಿ ಓದಿದೆ. ಒಂಬತ್ತು ವೈನರಿಗಳ ಹೆಸರು ಬರೆದು, ಇವುಗಳಲ್ಲಿ ಒಂದೆರಡನ್ನು ಬಿಡಬೇಕಾದರೆ ಯಾವುದನ್ನು ಬಿಡಲಿ ಎಂದು ಕೇಳಿದ್ದೀಯ. ನನ್ನ ಸಲಹೆಯೇನೆಂದರೆ, ನಾಲ್ಕನ್ನು ಮಾತ್ರ ಇಟ್ಟುಕೊಂಡು ಉಳಿದುದನ್ನೆಲ್ಲ ಈ ಸಲ ಕೈಬಿಡು. ಯಾವ ನಾಲ್ಕು, ಏಕೆ ಎಂಬುದನ್ನು ಬಿಡಿಸಿ ಬರೆಯುತ್ತೇನೆ.

ರುಚಿ ನೋಡುವ ಒಂದು ಸುತ್ತಿನಲ್ಲಿ ಸಾಮಾನ್ಯವಾಗಿ ಐದಾರು ಬಗೆಯ ವೈನನ್ನು ತಲಾ 30 ಮಿಲಿಲೀಟರಿನಷ್ಟು ಸುರಿದು ಕೊಡುತ್ತಾರೆ. ಬಿಳಿಯದರಿಂದ ಆರಂಭಿಸಿ ಕೆಂಪಿಗೆ ಬರುವ ಹೊತ್ತಿಗೆ ಅದರ ಒಗರು ನಾಲಿಗೆಗೆ ಹತ್ತಿರುತ್ತದೆ. ಅದೇ ದಿನ ಎರಡನೆಯ ಜಾಗದಲ್ಲಿ ಇನ್ನೊಂದು ಸುತ್ತನ್ನು ಗಮನವಿಟ್ಟು ನೋಡಬಹುದು, ಮೂರನೆಯದರಲ್ಲಿ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಆದ್ದರಿಂದ ದಿನಕ್ಕೆ ಎರಡು ಸಾಕು, ಬೆಳಿಗ್ಗೆ ಒಂದು, ಸಂಜೆ ಒಂದು. ಕಾರು ಓಡಿಸುವವರು ಒಂದು ಗುಟುಕನ್ನೂ ಮುಟ್ಟಬಾರದು ಎಂಬುದನ್ನು ಮನೆಯಲ್ಲಿಯೇ ತೀರ್ಮಾನಿಸಿಕೊಂಡು ಹೊರಡಿ. ನಮ್ಮ ಮೋಟಾರು ವಾಹನ ಕಾಯ್ದೆಯಲ್ಲಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ ಎಂಬುದೇ ಮಿತಿಯಾಗಿದ್ದು, ರುಚಿ ನೋಡುವ ಒಂದು ಸುತ್ತೇ ಅದನ್ನು ದಾಟಿಸಿಬಿಡಬಹುದು. ಭಾವನವರು ಕುಡಿಯುವುದಿಲ್ಲವೆಂದು ಅವರ ಮೇಲೆಯೇ ಎಲ್ಲ ದಿನಗಳ ಚಾಲನೆಯನ್ನು ಹೊರಿಸದೆ, ನಾಸಿಕ್‌ನಲ್ಲಿ ಇರುವಷ್ಟು ದಿನ ಅಲ್ಲಿಯ ಒಬ್ಬ ಡ್ರೈವರನ್ನು ಗೊತ್ತು ಮಾಡಿಕೊಳ್ಳುವುದು ಒಳ್ಳೆಯದು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ನಿನ್ನ ಪಟ್ಟಿ ಪ್ರವಾಸಿಗನ ಪಟ್ಟಿಯಂತಿದೆ. ಹೋಟೆಲು ಚೆನ್ನಾಗಿದೆಯೇ, ಫೋಟೊ ತೆಗೆಯಲು ಕೆರೆಯ ನೋಟ ಇದೆಯೇ ಎಂಬ ಲೆಕ್ಕ ಅದರಲ್ಲಿ ಕಾಣುತ್ತದೆ. ಆದರೆ ನೀನು ಹೊಸದುರ್ಗದ ಕೆಂಪು ನೆಲದಲ್ಲಿ ಭಗವಾ ದಾಳಿಂಬೆ ಬೆಳೆಯುವವನು. ಗಿಡಕ್ಕೆ ನೀರು ನಿಲ್ಲಿಸಿ, ಎಲೆ ಉದುರಿಸಿ, ಕತ್ತರಿ ಹಾಕಿ, ನಮಗೆ ಬೇಕಾದ ಕಾಲಕ್ಕೆ ಹೂ ಬರಿಸುವ ಬಹಾರ್ ಕ್ರಮವನ್ನು ವರ್ಷವರ್ಷವೂ ಮಾಡುತ್ತಿರುವವನು. ದಖ್ಖನಿನ ದ್ರಾಕ್ಷಿ ತೋಟವೂ ಇಂಥದೇ ಯುಕ್ತಿಯ ಮೇಲೆ ನಿಂತಿದೆ. ಫ್ರಾನ್ಸ್, ಇಟಲಿಗಳಲ್ಲಿ ಚಳಿಗಾಲ ಬಳ್ಳಿಯನ್ನು ಮಲಗಿಸುತ್ತದೆ. ನಮ್ಮಲ್ಲಿ ಅಂಥ ಚಳಿ ಇಲ್ಲದ ಕಾರಣ ಬಳ್ಳಿ ವರ್ಷವಿಡೀ ಎಚ್ಚರವಾಗಿಯೇ ಇರುತ್ತದೆ. ಹಾಗಾಗಿ ಏಪ್ರಿಲ್ ಸುಮಾರಿಗೆ ಒಂದು ಚಾಟ್ನಿ, ಅಂದರೆ ಕಡ್ಡಿ ಕತ್ತರಿಸುವ ಕೆಲಸ, ಸೆಪ್ಟೆಂಬರ್–ಅಕ್ಟೋಬರ್ ಹೊತ್ತಿಗೆ ಇನ್ನೊಂದು ಚಾಟ್ನಿ ಮಾಡಿ, ಬೇಸಿಗೆಯಲ್ಲಿ ಕಡ್ಡಿಯನ್ನು ಬಲಪಡಿಸಿಕೊಂಡು, ಮಳೆ ಹಿಂದಾದ ಮೇಲೆ ಹಣ್ಣು ಕಚ್ಚಿಸುತ್ತಾರೆ. ಎರಡು ಸಲ ಕತ್ತರಿ, ಒಂದೇ ಸಲ ಕೊಯ್ಲು. ಇದನ್ನು ನಿನ್ನಷ್ಟು ಬೇಗ ಅರ್ಥ ಮಾಡಿಕೊಳ್ಳುವ ಪ್ರವಾಸಿ ಆ ವೈನರಿಗಳಿಗೆ ಅಪರೂಪಕ್ಕೆ ಬರುತ್ತಾನೆ. ಆದ್ದರಿಂದ ತೋಟದೊಳಗೆ ಕಾಲಿಡಲು ಬಿಡುವ, ತೋಟ ನೋಡಿಕೊಳ್ಳುವವರೊಡನೆ ಮಾತಾಡಲು ಅವಕಾಶ ಕೊಡುವ ಜಾಗಕ್ಕೇ ನೀನು ಮೊದಲು ಹೋಗಬೇಕು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಗಾಜಿನ ಕೋಣೆಯಲ್ಲಿ ಕುಳಿತು ಕುಡಿಯುವುದಕ್ಕೆ ಅಷ್ಟು ದೂರ ಹೋಗಬೇಕಾಗಿಲ್ಲ.

ನೀನು ದಾಳಿಂಬೆಗೆ ಸಿಂಪಡಿಸುವ ಬೋರ್ಡೋ ದ್ರಾವಣ ಹುಟ್ಟಿದ್ದೇ ದ್ರಾಕ್ಷಿ ತೋಟದಲ್ಲಿ. ಫ್ರಾನ್ಸಿನ ಬೋರ್ಡೋ ಪ್ರಾಂತ್ಯದ ರೈತರು ದಾರಿಹೋಕರು ಹಣ್ಣು ಕೀಳದಿರಲೆಂದು ರಸ್ತೆ ಬದಿಯ ಸಾಲುಗಳಿಗೆ ಮೈಲುತುತ್ತ ಮತ್ತು ಸುಣ್ಣದ ನೀರನ್ನು ಎರಚುತ್ತಿದ್ದರು. ಆ ಸಾಲುಗಳಿಗೆ ಮಾತ್ರ ಬೂಜು ರೋಗ ತಗುಲಿಲ್ಲವೆಂಬುದನ್ನು ಮಿಲಾರ್ದೆ ಎಂಬ ಸಸ್ಯವಿಜ್ಞಾನಿ ಗಮನಿಸಿ, ಪ್ರಯೋಗಗಳನ್ನು ನಡೆಸಿ, 1885ರಲ್ಲಿ ಪ್ರಕಟಿಸಿದರು. ನೀನು ಹೋದ ಕಡೆ ಈ ವಿಷಯ ಎತ್ತಿದರೆ ತೋಟದವರು ತಾವಾಗಿಯೇ ಮಾತು ಬೆಳೆಸುತ್ತಾರೆ. ರೋಗಕ್ಕೆ ಏನು ಹೊಡೆಯುತ್ತೀರಿ, ಕೊಯ್ಲಿಗೆ ಎಷ್ಟು ದಿನ ಮೊದಲು ನಿಲ್ಲಿಸುತ್ತೀರಿ, ಕಸಿಗೆ ಡಾಗ್ರಿಡ್ಜ್ ಎಂಬ ತಳಿಯ ಬೇರನ್ನು ಬಳಸಿದ್ದೀರಾ ಎಂದು ಕೇಳು. ಉತ್ತರ ಹೇಳಲು ಯಾರೂ ಮುಂದೆ ಬಾರದ ವೈನರಿಯಾದರೆ, ಅಲ್ಲಿ ಹೆಚ್ಚು ಹೊತ್ತು ನಿಲ್ಲಬೇಡ.

ಫೆಬ್ರುವರಿಯನ್ನು ಆರಿಸಿಕೊಂಡದ್ದು ಬಹಳ ಒಳ್ಳೆಯದಾಯಿತು. ಮಹಾರಾಷ್ಟ್ರದಲ್ಲಿ ವೈನ್ ದ್ರಾಕ್ಷಿಯ ಕೊಯ್ಲು ಹೆಚ್ಚಾಗಿ ಜನವರಿಯಿಂದ ಮಾರ್ಚ್‌ವರೆಗೆ ನಡೆಯುವುದರಿಂದ, ಹಣ್ಣು ಬಳ್ಳಿಯ ಮೇಲೂ ಇರುತ್ತದೆ, ರಸ ತೊಟ್ಟಿಯಲ್ಲಿಯೂ ಇರುತ್ತದೆ. ಮಳೆಗಾಲದಲ್ಲಿ ಹೋದವರಿಗೆ ಹಸಿರು ಸಾಲುಗಳು ಮತ್ತು ಸುಮ್ಮನೆ ನಿಂತ ಯಂತ್ರಗಳು ಮಾತ್ರ ಕಾಣುತ್ತವೆ. ತೋಟದವರು ಒಪ್ಪಿದರೆ ಶಿರಾಜ್ ತಳಿಯ ಒಂದು ಹಣ್ಣನ್ನು ಕಿತ್ತು ಬೆರಳುಗಳ ನಡುವೆ ಹಿಸುಕಿ ನೋಡು. ನಮ್ಮ ಸಂತೆಯ ದ್ರಾಕ್ಷಿಗಿಂತ ಅದು ಬಹಳ ಚಿಕ್ಕದು, ಸಿಪ್ಪೆ ದಪ್ಪ, ಒಳಗೆ ಬೀಜ. ಹೊರಗೆ ಕಡುನೀಲಿಯಾಗಿದ್ದರೂ ಹಿಸುಕಿದಾಗ ಬರುವ ರಸಕ್ಕೆ ಹೆಚ್ಚು ಬಣ್ಣವಿರುವುದಿಲ್ಲ. ಬಣ್ಣವೂ ಒಗರೂ ಬಹುಪಾಲು ಸಿಪ್ಪೆಯಲ್ಲಿವೆ. ಕೆಂಪು ವೈನಿಗೆ ಸಿಪ್ಪೆಯೊಡನೆಯೇ ರಸವನ್ನು ಹುದುಗಿಸುತ್ತಾರೆ, ಬಿಳಿಯದಕ್ಕೆ ಸಿಪ್ಪೆಯನ್ನು ಮೊದಲೇ ಬೇರ್ಪಡಿಸಿ ತಂಪಿನಲ್ಲಿ ನಿಧಾನವಾಗಿ ಹುದುಗಿಸುತ್ತಾರೆ. ಹಣ್ಣಿನ ಸಕ್ಕರೆ ಸುಮಾರು 22ರಿಂದ 24 ಬ್ರಿಕ್ಸ್ ಮುಟ್ಟಿದಾಗ ಕೊಯ್ಯುತ್ತಾರೆ. ಅದು ಪೂರ್ತಿ ಹುದುಗಿದರೆ ಶೇಕಡಾ 12–14ರಷ್ಟು ಆಲ್ಕೋಹಾಲ್ ಆಗುತ್ತದೆ. ಬ್ರಿಕ್ಸ್ ಅಳೆಯುವ ಪುಟ್ಟ ಕೊಳವೆ ನಿನ್ನ ಬಳಿಯೂ ಇದೆಯಷ್ಟೆ, ಅದನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಗು.

ಈ ಕಾರಣಗಳಿಂದ ನನ್ನ ಮೊದಲ ಆಯ್ಕೆ ನಾಸಿಕ್‌ನಲ್ಲಿ ಇಲ್ಲ, ಸೊಲ್ಲಾಪುರ ಜಿಲ್ಲೆಯ ಅಕ್ಲೂಜ್‌ನಲ್ಲಿ ಇದೆ. ಚಿತ್ರದುರ್ಗದವನಾದ ನಿನಗೆ ಒಂದು ಅನುಕೂಲವಿದೆ. ರಾಷ್ಟ್ರೀಯ ಹೆದ್ದಾರಿ 48 ಮತ್ತು 50 ಎರಡೂ ನಿಮ್ಮ ಊರಿನಲ್ಲಿಯೇ ಕೂಡುತ್ತವೆ. ಹೋಗುವಾಗ 50ನ್ನು ಹಿಡಿದು ಹೊಸಪೇಟೆ, ವಿಜಯಪುರಗಳ ಮೇಲೆ ಹೋಗಿ ಅಲ್ಲಿಂದ ಸೊಲ್ಲಾಪುರ ಸೇರು. ಬರುವಾಗ ಪುಣೆ, ಕೊಲ್ಹಾಪುರ, ಹುಬ್ಬಳ್ಳಿಗಳ ಮೇಲೆ 48ರಲ್ಲಿ ಬಾ. ಹೀಗೆ ಮಾಡಿದರೆ ಬಂದ ದಾರಿಯಲ್ಲಿಯೇ ತಿರುಗಿ ಬರಬೇಕಾಗುವುದಿಲ್ಲ, ಅಕ್ಲೂಜ್ ಕೂಡ ದಾರಿಯಲ್ಲಿಯೇ ಸಿಕ್ಕಂತಾಗುತ್ತದೆ. ವಿಜಯಪುರದಲ್ಲಿ ಒಂದು ರಾತ್ರಿ ಉಳಿದುಕೋ. ಆ ಸುತ್ತಿನ ಹಳ್ಳಿಗಳಲ್ಲಿ ಒಣದ್ರಾಕ್ಷಿ ಮಾಡುವ ಶೆಡ್ಡುಗಳಿವೆ. ಚಪ್ಪರದ ಮೇಲೆ ಹಬ್ಬಿಸಿದ ಬೀಜರಹಿತ ದ್ರಾಕ್ಷಿಯನ್ನು ಅಲ್ಲಿ ನೋಡಿಕೊಂಡು, ಮಾರನೆಯ ದಿನ ತಂತಿಗಳ ಮೇಲೆ ನೆಟ್ಟಗೆ ನಿಲ್ಲಿಸಿದ ವೈನ್ ದ್ರಾಕ್ಷಿಯನ್ನು ನೋಡಿದರೆ ಬೆಳೆಗಾರನ ಗುರಿ ಬದಲಾದಾಗ ಬಳ್ಳಿಯ ರೂಪವೇ ಹೇಗೆ ಬದಲಾಗುತ್ತದೆ ಎಂಬುದು ಸ್ಪಷ್ಟವಾಗುತ್ತದೆ.

ಅಕ್ಲೂಜ್‌ನ ಫ್ರಾಟೆಲ್ಲಿ ಮೂರು ಜೊತೆ ಸಹೋದರರ ಸಂಸ್ಥೆ. ದೆಹಲಿಯ ಸೇಖ್ರಿ, ಅಕ್ಲೂಜ್‌ನ ಮೋಹಿತೆ ಪಾಟೀಲ್ ಮತ್ತು ಇಟಲಿಯ ಸೆಚ್ಚಿ ಮನೆತನಗಳು ಸೇರಿ ಕಟ್ಟಿದ್ದು. ಟಸ್ಕನಿಯ ಪಿಯೆರೊ ಮಾಸಿ ಅದರ ವೈನ್ ತಯಾರಕರಾಗಿ ಅಲ್ಲಿಯ ಸಾಂಜೊವೇಸೆ ತಳಿಯನ್ನು ಈ ನೆಲಕ್ಕೆ ಒಗ್ಗಿಸಿದರು. ಸಾಂಜೊವೇಸೆ ಮತ್ತು ಕ್ಯಾಬರ್ನೆ ಸೊವಿನ್ಯೋನ್ ಬೆರೆಸಿ ಮಾಡುವ ಸೆಟ್ಟೆ ಅವರ ಹೆಸರುವಾಸಿ ಕೆಂಪು ವೈನು. ಸುತ್ತಲೂ ಕಬ್ಬಿನ ಸೀಮೆ. ನಮ್ಮ ಭದ್ರಾ ಅಚ್ಚುಕಟ್ಟಿನವರಂತೆ ಕಾಲುವೆ ನೀರಿನ ಮೇಲೆ ಕಣ್ಣಿಟ್ಟ ರೈತರ ನಡುವೆ, ಹನಿ ನೀರಾವರಿಯಲ್ಲಿ ಬೇಕೆಂದೇ ಇಳುವರಿ ತಗ್ಗಿಸಿ ಬೆಳೆಯುವ ತೋಟ ಅದು. ಒಂದು ಪೂರ್ತಿ ದಿನ ಇದಕ್ಕೇ ಮೀಸಲಿಡು. ಪ್ರವಾಸಿಗರ ಪೇಟೆ ಅಲ್ಲವಾದ್ದರಿಂದ ಮೊದಲೇ ಮಾತಾಡಿ ದಿನ ಗೊತ್ತು ಮಾಡಿಕೊಳ್ಳದೆ ಹೋಗುವುದು ಸರಿಯಲ್ಲ.

ನಾಸಿಕ್‌ನಲ್ಲಿ ಸುಲಾವನ್ನು ಬಿಡಬೇಡ. ಜನ ಹೆಚ್ಚು, ಗದ್ದಲ ಹೆಚ್ಚು ಎಂದು ಕೆಲವರು ಅದನ್ನು ತಳ್ಳಿಹಾಕುವುದುಂಟು. ನನಗೆ ಆ ಮಾತು ಒಪ್ಪಿಗೆಯಿಲ್ಲ. ಸುಲಾವನ್ನು ಕಟ್ಟಿದ ರಾಜೀವ್ ಸಾಮಂತ್ ಅವರು ಊರಿಗೆ ಮರಳಿ, ತಿನ್ನುವ ದ್ರಾಕ್ಷಿಯ ಸೀಮೆಯಲ್ಲಿ ಸೊವಿನ್ಯೋನ್ ಬ್ಲಾಂಕ್ ಮತ್ತು ಶೆನಿನ್ ಬ್ಲಾಂಕ್ ಎಂಬ ವೈನ್ ತಳಿಗಳನ್ನು ನೆಟ್ಟು, 2000ದಲ್ಲಿ ಮೊದಲ ವೈನ್ ಹೊರತರದಿದ್ದರೆ, ಇಂದು ನೀನು ಬರೆದ ಪಟ್ಟಿಯೇ ಇರುತ್ತಿರಲಿಲ್ಲ. 2005ರಲ್ಲಿ ಅವರು ತೆರೆದ ರುಚಿ ನೋಡುವ ಕೋಣೆಯನ್ನು ಕಂಡೇ ಉಳಿದವರೂ ಬಾಗಿಲು ತೆರೆದರು. ಹೋಗುವುದಾದರೆ ವಾರದ ನಡುವೆ, ಬೆಳಿಗ್ಗೆಯ ಮೊದಲ ಸುತ್ತಿಗೇ ಹೋಗು. ಶನಿವಾರ ಭಾನುವಾರ ಮುಂಬೈ, ಪುಣೆಗಳ ಜನ ತುಂಬಿಕೊಳ್ಳುತ್ತಾರೆ. ನಿನ್ನ ಪಟ್ಟಿಯಲ್ಲಿರುವ ಯಾರ್ಕ್ ಅದರ ಹತ್ತಿರವೇ ಗಂಗಾಪುರ ಅಣೆಕಟ್ಟಿನ ಕಡೆಗಿದೆ. 2021ರಿಂದ ಅದೂ ಸುಲಾದ ಒಡೆತನದಲ್ಲಿದೆ. ಒಂದೇ ಮನೆಯ ಎರಡು ಅಡುಗೆಯನ್ನು ಒಂದೇ ದಿನ ಉಣ್ಣುವ ಅಗತ್ಯ ಕಾಣದ ಕಾರಣ ಯಾರ್ಕನ್ನು ಬಿಡಬಹುದು. ಅತ್ತಿಗೆಯವರಿಗೆ ನೀರಿನ ನೋಟ ಬೇಕೆಂದರೆ ಸಂಜೆ ಅಣೆಕಟ್ಟಿನ ಬಳಿಯೇ ಹೋಗಿ ಬನ್ನಿ.

ಮೂರನೆಯದು ನಾಸಿಕ್ ಹತ್ತಿರದ ದಿಂಡೋರಿಯ ಶಾಂದೋನ್. ಅವರದು ಬುರುಗು ವೈನು. ಬಾಟಲಿಯೊಳಗೇ ಎರಡನೆಯ ಸಲ ಹುದುಗಿಸಿ ಗುಳ್ಳೆಯನ್ನು ಹಿಡಿದಿಡುವ ಈ ವಿಧಾನದ ಕೆಲಸ ಉಳಿದ ವೈನರಿಗಳ ಕೆಲಸಕ್ಕಿಂತ ಬೇರೆಯೇ ಆಗಿದೆ. ಅವರಲ್ಲಿ ನೋಡಲು ಬಿಡುವ ದಿನಗಳನ್ನು ಮೊದಲೇ ಕೇಳಿಕೊಂಡು, ಸಿಕ್ಕಿದರೆ ಮಾತ್ರ ಸೇರಿಸಿಕೋ. ನಾಲ್ಕನೆಯದಾಗಿ ಇಗತಪುರಿ ಕಡೆಯ ವಲೋನೆಯನ್ನು ಇಟ್ಟುಕೋ. ಚಿಕ್ಕ ವೈನರಿ. ದೊಡ್ಡ ಕಡೆಗಳಲ್ಲಿ ಗೈಡ್ ಆದವರು ಬಾಯಿಪಾಠ ಒಪ್ಪಿಸಿ ಮುಂದೆ ಸಾಗುತ್ತಾರೆ, ಚಿಕ್ಕ ಕಡೆಗಳಲ್ಲಿ ಪೀಪಾಯಿಯ ಪಕ್ಕ ನಿಂತು ವಿವರ ಕೇಳುವುದಕ್ಕೆ ಸಮಯ ಸಿಗುತ್ತದೆ.

ಪಟ್ಟಿಯ ಕೊನೆಯಲ್ಲಿ ನಂದಿ ಬೆಟ್ಟದ ತಪ್ಪಲಿನ ಗ್ರೋವರ್ ಜಂಪಾವನ್ನೂ ಚನ್ನಪಟ್ಟಣದ ದೊಮೇನ್ ಸುಲಾವನ್ನೂ ಬರೆದಿದ್ದೀಯ. ಅವುಗಳನ್ನು ಈ ಪ್ರವಾಸಕ್ಕೆ ತುರುಕಬೇಡ. ಕನ್ವಲ್ ಗ್ರೋವರ್ ಅವರು 1988ರಲ್ಲಿ ಆರಂಭಿಸಿದ ಆ ತೋಟ ಕರ್ನಾಟಕದ ವೈನಿಗೆ ಮೂಲ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ತಂಪಿನಲ್ಲಿ ಬೆಳೆದ ಹಣ್ಣಿನ ಲಾ ರಿಸರ್ವ್ ಕೆಂಪು ವೈನನ್ನು ನಾನು ಬಹಳ ಮೆಚ್ಚುತ್ತೇನೆ. ನಿನಗೆ ಬೆಂಗಳೂರು ಹತ್ತಿರವೇ ಇರುವುದರಿಂದ ಅದಕ್ಕೆ ಬೇರೆ ಒಂದು ವಾರಾಂತ್ಯ ಸಾಕು. ಕೊಪ್ಪಳ ಜಿಲ್ಲೆಯ ಹಂಪಿ ಹಿಲ್ಸ್ ತೋಟದ ಕೃಷ್ಮಾ ವೈನರಿಯ ವಿಷಯ ಬೇರೆ. ನೀನು ಹೋಗುವ ದಿಕ್ಕಿನಲ್ಲಿಯೇ ಇರುವುದರಿಂದ ಬರೆದು ಕೇಳಿ ನೋಡು, ಒಪ್ಪಿಗೆ ಬಂದರೆ ಐದನೆಯದಾಗಿ ಸೇರಿಸಿಕೋ.

ಅತ್ತಿಗೆಯವರು ಸಸ್ಯಾಹಾರದ ಬಗ್ಗೆ ಕಟ್ಟುನಿಟ್ಟಿನವರಾದ್ದರಿಂದ ಒಂದು ಮಾತು. ವೈನನ್ನು ತಿಳಿಗೊಳಿಸಲು ಕೆಲವೆಡೆ ಮೊಟ್ಟೆಯ ಬಿಳಿ, ಜೆಲಟಿನ್, ಮೀನಿನ ಗಾಳಿಚೀಲದಿಂದ ತೆಗೆದ ಪದಾರ್ಥ ಬಳಸುವ ರೂಢಿ ಜಗತ್ತಿನಲ್ಲಿದೆ. ಬೆಂಟೊನೈಟ್ ಎಂಬ ಜೇಡಿಮಣ್ಣಿನಿಂದಲೂ ತಿಳಿಗೊಳಿಸಬಹುದು. ಯಾವ ಬಾಟಲಿಗೆ ಯಾವುದನ್ನು ಬಳಸಿದ್ದಾರೆ ಎಂದು ಪ್ರತಿಯೊಂದು ಕಡೆಯೂ ಸಂಕೋಚವಿಲ್ಲದೆ ಕೇಳಿ. ಹಾಗೆಯೇ, ದಾರಿಗೆಂದು ನೀವು ಕಟ್ಟಿಕೊಳ್ಳುವ ಖಾರ ಮಂಡಕ್ಕಿ, ಮೆಣಸಿನಕಾಯಿಗಳನ್ನು ರುಚಿ ನೋಡುವ ಮೊದಲು ತಿನ್ನಬೇಡಿ. ಬಾಯಿ ಉರಿಯುತ್ತಿರುವಾಗ ಕೆಂಪು ವೈನಿನ ಒಗರೂ ಆಲ್ಕೋಹಾಲಿನ ಕಾವೂ ಇಮ್ಮಡಿಯಾಗಿ ತೋರಿ, ಹಣ್ಣಿನ ಪರಿಮಳ ಮರೆಯಾಗುತ್ತದೆ. ಒಗ್ಗರಣೆ ಇಲ್ಲದ ಬರೀ ಮಂಡಕ್ಕಿಯಾದರೆ ತಿನ್ನಬಹುದು.

ದಿನಗಳನ್ನು ಹೊಂದಿಸುವಾಗ ಶಿವರಾತ್ರಿ ಯಾವತ್ತು ಬರುತ್ತದೆ ಎಂದು ನೋಡಿಕೋ. ಫೆಬ್ರುವರಿ 19ರ ಶಿವಾಜಿ ಜಯಂತಿಯೂ ಅದೇ ತಿಂಗಳಲ್ಲಿದೆ. ಆ ದಿನಗಳಂದು ರುಚಿ ನೋಡುವ ಕೋಣೆ ತೆರೆದಿರುತ್ತದೆಯೇ ಎಂದು ಆಯಾ ವೈನರಿಗೇ ಫೋನ್ ಮಾಡಿ ಕೇಳು. ಕೊಯ್ಲಿನ ಕಾಲದಲ್ಲಿ ತೋಟದವರಿಗೆ ಬೆಳಗಿನ ಜಾವದಿಂದಲೇ ಕೆಲಸವಿರುವುದರಿಂದ, ಅವರೊಡನೆ ಮಾತಾಡಬೇಕೆಂದಿದ್ದರೆ ಮಧ್ಯಾಹ್ನದ ನಂತರದ ಸಮಯ ಕೇಳು. ಮೊದಲು ಅಕ್ಲೂಜ್‌ನ ದಿನ ಗೊತ್ತಾಗಲಿ. ಅವರು ಹೇಳಿದ ತಾರೀಖನ್ನು ನನಗೆ ತಿಳಿಸಿದರೆ ನಾಸಿಕ್‌ನ ಮೂರನ್ನು ಅದರ ನಂತರ ವಾರದ ನಡುವಿನ ದಿನಗಳಿಗೆ ಹೊಂದಿಸಿ ಬರೆದು ಕಳುಹಿಸುತ್ತೇನೆ. ಅತ್ತಿಗೆಯವರಿಗೂ ಭಾವನವರಿಗೂ ನನ್ನ ನಮಸ್ಕಾರಗಳನ್ನು ತಿಳಿಸು.

ಇಂತಿ ನಿನ್ನ ಪ್ರೀತಿಯ ಗೆಳೆಯ,
ಮಲ್ಲಿಕಾರ್ಜುನ