ಪೋಷಕರಿಗೆ ಪತ್ರ: "ಅಮ್ಮನಿಗೆ ಹೇಳಬೇಡ" ಎನ್ನುವ ಆಪ್ತ ಸಮಾಲೋಚಕರ ಬಗ್ಗೆ

ಎಂಟು, ಒಂಬತ್ತು ಮತ್ತು ಹತ್ತನೇ ತರಗತಿ ಮಕ್ಕಳ ಪೋಷಕರಿಗೆ,

ಮಾನ್ಯರೇ,

ಮಳೆ ರಜೆ ಮುಗಿದು ಶಾಲೆ ಮತ್ತೆ ಆರಂಭವಾದ ವಾರ ನಮ್ಮ ವಿದ್ಯಾರ್ಥಿನಿಯೊಬ್ಬಳ ತಾಯಿ ನನ್ನ ಕೊಠಡಿಗೆ ಬಂದಿದ್ದರು. ಗದ್ದೆಯಲ್ಲಿ ನಾಟಿ ನಡೆಯುತ್ತಿದ್ದ ದಿನಗಳವು. ಕೆಲಸದ ನಡುವೆಯೇ ಬಂದಿದ್ದ ಅವರು ಒದ್ದೆ ಕೊಡೆಯನ್ನು ಬಾಗಿಲ ಬಳಿ ಒರಗಿಸಿ, ಕುರ್ಚಿ ತೋರಿಸಿದರೂ ಕೂರದೆ, "ಟೀಚರೇ, ಮಗಳು ಈಗ ಆಡುವ ಮಾತೇ ನನಗೆ ತಿಳಿಯುವುದಿಲ್ಲ" ಎಂದರು. ಊಟಕ್ಕೆ ಎರಡು ಸಲ ಕರೆದರೆ "ನನ್ನ ಬೌಂಡರಿ ದಾಟಬೇಡಿ" ಎನ್ನುತ್ತಾಳೆ, ಅಜ್ಜಿ ಗದರಿದರೆ "ಈ ಮನೆಯೇ ಟಾಕ್ಸಿಕ್" ಎಂದು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾಳೆ, ಏನಾಯಿತು ಎಂದು ಕೇಳಿದರೆ "ನೀವು ಕೇಳುತ್ತೀರಿ ಎಂದು ಅವರು ಮೊದಲೇ ಹೇಳಿದ್ದರು" ಎನ್ನುತ್ತಾಳೆ. ಆ "ಅವರು" ಯಾರೆಂಬುದು ತಾಯಿಗೆ ಗೊತ್ತಿರಲಿಲ್ಲ.

ತಾಯಿ ಮತ್ತು ಮಗಳು ಇಬ್ಬರ ಒಪ್ಪಿಗೆ ಪಡೆದು, ಗುರುತು ಸಿಗುವಂಥ ವಿವರಗಳನ್ನು ಬಿಟ್ಟು ಇದನ್ನು ಬರೆಯುತ್ತಿದ್ದೇನೆ. ಮಳೆಯ ಆ ಮೂರು ವಾರಗಳಲ್ಲಿ ಹುಡುಗಿ ವಿಡಿಯೋ ನೋಡುವ ಆ್ಯಪ್ ಒಂದರಲ್ಲಿ ಪರಿಚಯವಾದ, ತನ್ನನ್ನು "ಹದಿಹರೆಯದ ಮನಸ್ಸಿನ ತಜ್ಞ" ಎಂದು ಕರೆದುಕೊಳ್ಳುವ ವ್ಯಕ್ತಿಯೊಡನೆ ರಾತ್ರಿ ಹೊತ್ತು ಸಂದೇಶಗಳಲ್ಲಿ ಮಾತನಾಡುತ್ತಿದ್ದಳು. ಅವಳು ತಾನಾಗಿ ಮೊಬೈಲನ್ನು ನನ್ನ ಕೈಗೆ ಕೊಟ್ಟು ಪಕ್ಕದಲ್ಲಿ ಕುಳಿತಳು. ಇಬ್ಬರೂ ಮೊದಲ ಸಂದೇಶದಿಂದ ಓದಿದೆವು. ಓದುತ್ತಾ ಹೋದಂತೆ ನನಗೆ ಭಯ ಹುಟ್ಟಿಸಿದ್ದು ಒರಟು ಮಾತುಗಳಲ್ಲ, ಅಲ್ಲಿದ್ದ ನಯವಾದ ಮಾತುಗಳು. ಆ ನಯ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ತಾವು ತಿಳಿದಿರಬೇಕು ಎಂಬುದೇ ಈ ಪತ್ರದ ಉದ್ದೇಶ.

ಆ ವ್ಯಕ್ತಿಯ ಮೊದಲ ಸಂದೇಶ ಹೀಗಿತ್ತು: "ನೀನು ಎಲ್ಲರೆದುರು ನಗುತ್ತೀಯ, ಒಬ್ಬಳೇ ಇದ್ದಾಗ ಅಳುತ್ತೀಯ. ನಿನ್ನನ್ನು ಪೂರ್ತಿಯಾಗಿ ಅರ್ಥ ಮಾಡಿಕೊಂಡವರು ಯಾರೂ ಇಲ್ಲ, ಅಲ್ಲವೇ?" ಹದಿನೈದು ವರ್ಷದ ಯಾವ ಮಗುವಿಗೆ ಇದು ಒಪ್ಪುವುದಿಲ್ಲ ಹೇಳಿ. ಅಮೆರಿಕದ ಮನಶ್ಶಾಸ್ತ್ರಜ್ಞ ಬರ್ಟ್ರಾಂ ಫೋರರ್ 1948ರಲ್ಲಿ ತಮ್ಮ 39 ವಿದ್ಯಾರ್ಥಿಗಳಿಗೆ ವ್ಯಕ್ತಿತ್ವ ಪರೀಕ್ಷೆಯೊಂದನ್ನು ಕೊಟ್ಟು, ಬಳಿಕ ಪ್ರತಿಯೊಬ್ಬರಿಗೂ ಅವರವರದೇ ಫಲಿತಾಂಶವೆಂದು ಒಂದೊಂದು ಹಾಳೆ ಹಂಚಿದರು. ನಿಜದಲ್ಲಿ ಎಲ್ಲರ ಹಾಳೆಯಲ್ಲೂ ಒಂದೇ ಬರಹವಿತ್ತು, ಅದರ ಸಾಲುಗಳನ್ನು ಅವರು ಬಹುಪಾಲು ಅಂಗಡಿಯಲ್ಲಿ ಸಿಗುವ ಜ್ಯೋತಿಷ್ಯದ ಪುಸ್ತಕದಿಂದ ಆಯ್ದಿದ್ದರು. ಆದರೂ ಅದು ತಮಗೆಷ್ಟು ಸರಿಹೊಂದುತ್ತದೆ ಎಂದು ಕೇಳಿದಾಗ ವಿದ್ಯಾರ್ಥಿಗಳು 5ಕ್ಕೆ ಸರಾಸರಿ 4.26 ಅಂಕ ಕೊಟ್ಟರು. ಕಾಲೇಜಿನಲ್ಲಿ ಮನಶ್ಶಾಸ್ತ್ರ ಓದುತ್ತಿದ್ದವರೇ ಹೀಗೆ ನಂಬಿದ ಮೇಲೆ, ಕರೆಂಟಿಲ್ಲದ ರಾತ್ರಿಯಲ್ಲಿ ಒಬ್ಬಳೇ ಕುಳಿತ ನಮ್ಮ ಹುಡುಗಿ "ಇವರಿಗೆ ನನ್ನ ಮನಸ್ಸು ಕಾಣುತ್ತಿದೆ" ಎಂದು ನಂಬಿದ್ದು ಅವಳ ತಪ್ಪಲ್ಲ. ಇದನ್ನು ನಾನು ಅವಳಿಗೂ ಹೇಳಿದ್ದೇನೆ.

ಎರಡನೇ ದಿನಕ್ಕೇ ಅವಳಿಗೆ ಒಂದು ಕಾಯಿಲೆಯ ಹೆಸರು ಸಿಕ್ಕಿತ್ತು. ಅವಳನ್ನು ಕಾಣದೆ, ನಿದ್ದೆ ಊಟದ ಬಗ್ಗೆ ವಿಚಾರಿಸದೆ, ಮನೆಯವರೊಡನೆ ಒಂದು ಮಾತೂ ಆಡದೆ, ಹತ್ತಾರು ಸಂದೇಶಗಳ ಬಲದ ಮೇಲೆ "ಇದು ಬಾಲ್ಯದ ಟ್ರಾಮಾ (ಮನಸ್ಸಿಗಾದ ಆಳವಾದ ಆಘಾತ), ಇದಕ್ಕೆ ಮನೆಯವರೇ ಕಾರಣ" ಎಂದು ಆ ವ್ಯಕ್ತಿ ತೀರ್ಪು ಕೊಟ್ಟಾಗಿತ್ತು. ಹುಡುಗಿಯೂ ಸುಮ್ಮನೆ ಒಪ್ಪಲಿಲ್ಲ, "ನನ್ನ ಅಮ್ಮ ಅಂಥವರಲ್ಲ" ಎಂದು ಬರೆದಿದ್ದಳು. ಅದಕ್ಕೆ ಬಂದ ಉತ್ತರವನ್ನು ಇದ್ದಂತೆಯೇ ಬರೆಯುತ್ತೇನೆ: "ನೀನು ಅವರ ಪರ ಮಾತಾಡುವುದೇ ನಿನ್ನ ಗಾಯ ಎಷ್ಟು ಆಳವಾಗಿದೆ ಎಂಬುದಕ್ಕೆ ಸಾಕ್ಷಿ." ದಯವಿಟ್ಟು ಈ ವಾಕ್ಯವನ್ನು ಇನ್ನೊಮ್ಮೆ ಓದಿ. ಮಗು ಒಪ್ಪಿದರೆ ಅವರು ಹೇಳಿದ್ದು ನಿಜವಾಗುತ್ತದೆ, ಒಪ್ಪದಿದ್ದರೆ ಇನ್ನಷ್ಟು ನಿಜವಾಗುತ್ತದೆ. ಹೊರಬರಲು ದಾರಿಯೇ ಇಲ್ಲದಂತೆ ಕಟ್ಟಿದ ಮಾತು ಇದು. ಇಪ್ಪತ್ತಕ್ಕೂ ಹೆಚ್ಚು ವರ್ಷ ಮಕ್ಕಳೊಡನೆ ಕಳೆದ ನನಗೂ, ಇಂಥ ಮಾತಿಗೆ ಹದಿನೈದರ ವಯಸ್ಸಿನಲ್ಲಿ ನಾನು ಏನು ಉತ್ತರ ಕೊಡುತ್ತಿದ್ದೆ ಎಂಬುದು ಹೊಳೆಯಲಿಲ್ಲ.

ಆಮೇಲೆ ಬಂದದ್ದು ಗುಟ್ಟಿನ ಮಾತು. "ಇದು ನಮ್ಮಿಬ್ಬರ ನಡುವೆ ಇರಲಿ, ಅಮ್ಮನಿಗೆ ಹೇಳಬೇಡ, ಹೇಳಿದರೆ ಚಿಕಿತ್ಸೆ ಫಲಿಸುವುದಿಲ್ಲ." ಈ ವಿಷಯದಲ್ಲಿ ಪೋಷಕರಿಗೆ ಗೊಂದಲವಾಗುವುದು ಸಹಜ, ಏಕೆಂದರೆ ನಿಜವಾದ ಆಪ್ತ ಸಮಾಲೋಚಕರೂ ಮಗು ಹೇಳಿದ್ದನ್ನೆಲ್ಲ ನಮಗೆ ಒಪ್ಪಿಸುವುದಿಲ್ಲ, ಒಪ್ಪಿಸಲೂಬಾರದು. ವ್ಯತ್ಯಾಸ ಇರುವುದು ಬಾಯಿಗೆ ಬೀಗ ಯಾರಿಗೆ ಎಂಬುದರಲ್ಲಿ. ಗೋಪ್ಯತೆ ಎನ್ನುವುದು ಸಮಾಲೋಚಕರು ತಮ್ಮ ಮೇಲೆ ಹಾಕಿಕೊಳ್ಳುವ ಕಟ್ಟುಪಾಡು. ಮಗು ತನ್ನ ಮಾತನ್ನು ಯಾರಿಗೆ ಬೇಕಾದರೂ ಹೇಳಿಕೊಳ್ಳಲು ಸ್ವತಂತ್ರ. ಮಗುವಿನ ಜೀವಕ್ಕೆ ಅಪಾಯವಿದೆ ಎನಿಸಿದರೆ ಆ ಗೋಪ್ಯತೆಗೂ ಮಿತಿಯಿದೆ ಎಂಬುದನ್ನು ಒಳ್ಳೆಯ ಸಮಾಲೋಚಕರು ಮೊದಲ ಭೇಟಿಯಲ್ಲೇ ತಿಳಿಸುತ್ತಾರೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯೂ 18 ವರ್ಷದೊಳಗಿನವರ ವಿಷಯದಲ್ಲಿ ಕಾನೂನುಬದ್ಧ ಪೋಷಕರನ್ನೇ ಅವರ ಪ್ರತಿನಿಧಿ ಎಂದು ಗುರುತಿಸುತ್ತದೆ. ತಮ್ಮನ್ನು ಕತ್ತಲಲ್ಲಿಟ್ಟು ತಮ್ಮ ಮಗುವಿಗೆ "ಚಿಕಿತ್ಸೆ" ಕೊಡುತ್ತೇನೆ ಎನ್ನುವವರು ಎಷ್ಟು ಸವಿಯಾಗಿ ಮಾತಾಡಿದರೂ ಅವರನ್ನು ನಂಬಲಾಗದು.

2018ರ ಆಗಸ್ಟ್‌ನಲ್ಲಿ ಬೆಟ್ಟದ ಬರೆ ಕುಸಿದು ಊರೂರೇ ಪರಿಹಾರ ಕೇಂದ್ರಗಳಿಗೆ ಬಂದಿದ್ದಾಗ, ಮಕ್ಕಳೊಡನೆ ಮಾತನಾಡಲು ಬಂದಿದ್ದ ಆಪ್ತ ಸಮಾಲೋಚಕಿಯೊಬ್ಬರನ್ನು ನಾನು ಹತ್ತಿರದಿಂದ ಕಂಡಿದ್ದೆ. ಅವರು ಮೊದಲು ತಮ್ಮ ಹೆಸರನ್ನೂ ಕಳುಹಿಸಿದ ಸಂಸ್ಥೆಯನ್ನೂ ಹೇಳಿ, ತಾಯಿಯನ್ನು ಕೇಳಿ, ಎಲ್ಲರಿಗೂ ಕಾಣುವಂತೆ ಜಗಲಿಯ ತುದಿಯಲ್ಲಿ ಮಗುವಿನೊಡನೆ ಕುಳಿತಿದ್ದರು. ಮಾತು ಮುಗಿಸುವಾಗ ಅವರು ಮಗುವಿಗೆ ಕೇಳಿದ ಪ್ರಶ್ನೆ ಇಂದಿಗೂ ನೆನಪಿದೆ: "ನಾನು ನಾಳೆ ಇರುವುದಿಲ್ಲ. ಭಯವಾದರೆ ನೀನು ಯಾರ ಹತ್ತಿರ ಹೋಗುತ್ತೀಯ?" ಮಗು ದೊಡ್ಡಮ್ಮನ ಹೆಸರು ಹೇಳಿತು, ಆಮೇಲೆ ಗೆಳತಿಯೊಬ್ಬಳ ಹೆಸರು ಹೇಳಿತು. ಹೀಗೆ ಮಗುವಿನ ಸುತ್ತ ಜನರನ್ನು ಸೇರಿಸುವುದು ಅವರ ಕೆಲಸವಾಗಿತ್ತು. ನಮ್ಮ ವಿದ್ಯಾರ್ಥಿನಿಯ ಮೊಬೈಲಿನಲ್ಲಿ ನಾನು ಓದಿದ್ದು ಇದಕ್ಕೆ ತದ್ವಿರುದ್ಧವಾಗಿತ್ತು: ಮೊದಲು ಅಜ್ಜಿ, ಆಮೇಲೆ ಅಮ್ಮ, ಆಮೇಲೆ ಆತ್ಮೀಯ ಗೆಳತಿ, ಹೀಗೆ ಒಬ್ಬೊಬ್ಬರನ್ನೇ ಅವಳಿಂದ ದೂರ ಮಾಡಿ, ಕೊನೆಗೆ "ನಾನೂ ಕೈಬಿಟ್ಟರೆ ನಿನಗೆ ಯಾರಿದ್ದಾರೆ?" ಎಂಬ ಪ್ರಶ್ನೆ. ಮರುದಿನವೇ 1,500 ರೂಪಾಯಿಯ "ಹೀಲಿಂಗ್ ಪ್ಯಾಕೇಜ್", "ಇವತ್ತು ರಾತ್ರಿಯೊಳಗೆ ಸೇರದಿದ್ದರೆ ನಿನ್ನ ಜಾಗ ಬೇರೆಯವರಿಗೆ" ಎಂಬ ಅವಸರ. ಹುಡುಗಿ ತಾಯಿಯ ಮೊಬೈಲಿನಿಂದ ಹಣ ಕಳುಹಿಸಿದ್ದಳು. ಫೋಟೋ ಕೇಳಿದಾಗ ಮಾತ್ರ ಅವಳಿಗೆ ದಿಗಿಲಾಗಿ ಉತ್ತರಿಸುವುದನ್ನು ನಿಲ್ಲಿಸಿದಳು.

ಅರ್ಹತೆಯನ್ನು ಪರಿಶೀಲಿಸುವುದು ತಾವು ತಿಳಿದಷ್ಟು ಕಷ್ಟವಲ್ಲ. ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಆ ವಿಷಯದಲ್ಲಿ ಮುಂದೆ ಓದಿದ ವೈದ್ಯರು, ಅವರಿಗೆ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಇರುತ್ತದೆ. ಮಾತಿನ ಮೂಲಕ ಚಿಕಿತ್ಸೆ ನೀಡುವ ಕ್ಲಿನಿಕಲ್ ಸೈಕಾಲಜಿಸ್ಟ್‌ಗಳು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡಿರಬೇಕು. ಆದರೆ "ಕೌನ್ಸೆಲರ್", "ಹೀಲರ್", "ಲೈಫ್ ಕೋಚ್" ಎಂಬ ಹೆಸರುಗಳನ್ನು ಯಾರು ಬೇಕಾದರೂ ಹಾಕಿಕೊಂಡು ಮೊಬೈಲಿನ ಮುಂದೆ ಕೂರುತ್ತಿರುವುದು ಇಂದಿನ ವಾಸ್ತವ. ಎಲ್ಲಿ ಓದಿದಿರಿ, ನೋಂದಣಿ ಸಂಖ್ಯೆ ಏನು ಎಂದು ಕೇಳಿ. ನಿಜವಾದವರು ಹೇಳುತ್ತಾರೆ. "ನಂಬಿಕೆ ಇಲ್ಲದಿದ್ದರೆ ಬೇಡ" ಎಂದು ಮುನಿಸಿಕೊಂಡರೆ ಅಲ್ಲಿಗೇ ಬಿಟ್ಟುಬಿಡಿ.

ಇನ್ನು ತಮ್ಮಲ್ಲಿ ಒಂದು ಕಳಕಳಿಯ ವಿನಂತಿ. ಇಂಥದ್ದು ಗೊತ್ತಾದ ಕೂಡಲೇ ಮೊಬೈಲ್ ಕಿತ್ತುಕೊಂಡು ಬೈಯಬೇಡಿ. "ಗೊತ್ತಾದರೆ ನಿನ್ನ ಮನೆಯವರು ಮೊಬೈಲ್ ಕಿತ್ತುಕೊಳ್ಳುತ್ತಾರೆ, ನೋಡುತ್ತಿರು" ಎಂದು ಆ ವ್ಯಕ್ತಿ ಮೊದಲೇ ಬರೆದಿಟ್ಟಿದ್ದ. ನಾವು ಹಾಗೆಯೇ ಮಾಡಿದರೆ ಅವನ ಮಾತನ್ನು ನಾವೇ ನಿಜ ಮಾಡಿದಂತಾಗುತ್ತದೆ. ಆ ತಾಯಿ ಬೈಯಲಿಲ್ಲ. "ಮೂರು ವಾರ ನೀನು ಒಬ್ಬಳೇ ಇದನ್ನು ಹೊತ್ತುಕೊಂಡಿದ್ದೆಯಾ?" ಎಂದಷ್ಟೇ ಕೇಳಿದರು, ಮಗಳು ಅತ್ತಳು. ಮಕ್ಕಳು ಹೊರಗೆ ಆಸರೆ ಹುಡುಕಿದ್ದಕ್ಕೆ ಒಂದು ಕಾರಣವೂ ಇರುತ್ತದೆ ಎಂಬುದನ್ನು ನಾವು ಒಪ್ಪಬೇಕು. ನಮ್ಮ ವಿದ್ಯಾರ್ಥಿನಿಗೆ ಹತ್ತನೇ ತರಗತಿಯ ಪರೀಕ್ಷೆಯ ಭಯವಿತ್ತು, ಅದನ್ನು ಅವಳು ಶಾಲೆಯಲ್ಲೂ ಹೇಳಿಕೊಂಡಿರಲಿಲ್ಲ. ಅದು ನಮ್ಮ ಗಮನಕ್ಕೆ ಬಾರದೆ ಹೋದದ್ದು ನನಗೆ ಇಂದಿಗೂ ನೋವಿನ ವಿಷಯ.

ಸಂದೇಶಗಳನ್ನು ಅಳಿಸದೆ ಸ್ಕ್ರೀನ್‌ಶಾಟ್ ತೆಗೆದಿಡಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಫೋಟೋ ಅಥವಾ ದೇಹಕ್ಕೆ ಸಂಬಂಧಿಸಿದ ಮಾತು ಬಂದಿದ್ದರೆ ಅದು ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ ವ್ಯಾಪ್ತಿಗೆ ಬರಬಹುದು. ಅಂಥ ಅಪರಾಧ ತಿಳಿದ ಮೇಲೆ ಪೊಲೀಸರಿಗೆ ತಿಳಿಸದೆ ಮುಚ್ಚಿಡಲು ಶಾಲೆಗೂ ಅವಕಾಶವಿಲ್ಲ. ಮಕ್ಕಳ ಸಹಾಯವಾಣಿ 1098. ಮಗುವಿಗೆ ನಿಜಕ್ಕೂ ಮಾತಾಡುವವರು ಬೇಕಿದ್ದರೆ, 2022ರ ಅಕ್ಟೋಬರ್ 10ರಂದು ಆರಂಭವಾದ ಸರ್ಕಾರದ ಉಚಿತ ಟೆಲಿ ಮಾನಸ್ ಸೇವೆ 14416ರಲ್ಲಿ ದಿನದ 24 ಗಂಟೆಯೂ ಸಿಗುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ನೇರವಾಗಿ ಕಾಣಬೇಕೆಂದರೆ ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗಕ್ಕೆ ಕರೆದುಕೊಂಡು ಹೋಗಿ. ಜೊತೆಗೆ ಯಾರೂ ಇಲ್ಲದಿದ್ದರೆ ನಮ್ಮ ಶಿಕ್ಷಕಿಯೊಬ್ಬರು ಬರುತ್ತಾರೆ.

ಬರುವ ಶನಿವಾರ ತರಗತಿಗಳು ಮುಗಿದ ಮೇಲೆ ಶಾಲೆಯ ಸಭಾಂಗಣದಲ್ಲಿ ಪೋಷಕರ ಸಭೆ ಕರೆದಿದ್ದೇನೆ. ತೋಟದ ಕೆಲಸದಿಂದ ಬರಲಾಗದ ಲೈನ್‌ಮನೆಯ ಪೋಷಕರಿಗಾಗಿ ಭಾನುವಾರ ಬೆಳಿಗ್ಗೆ ನಾವೇ ಬರುತ್ತೇವೆ. ನೋಂದಣಿ ಸಂಖ್ಯೆಯನ್ನು ಹುಡುಕುವುದು ಹೇಗೆಂದು ಅಲ್ಲಿಯೇ ತೋರಿಸಿಕೊಡಲಿದ್ದೇವೆ, ಆದ್ದರಿಂದ ಮೊಬೈಲ್ ತನ್ನಿ. ಆ ವಿದ್ಯಾರ್ಥಿನಿ ಪ್ರತಿದಿನ ತರಗತಿಗೆ ಬರುತ್ತಿದ್ದಾಳೆ. ಅವಳು ಯಾರೆಂದು ತಾವೂ ಕೇಳಬೇಡಿ, ಮಕ್ಕಳಿಂದಲೂ ಕೇಳಿಸಬೇಡಿ.

ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ
ಪ್ರೌಢಶಾಲೆ, ಮಡಿಕೇರಿ ತಾಲ್ಲೂಕು, ಕೊಡಗು