ಕೋಯಾಸಾನ್‌ಗೆ ಕರೆದುಕೊಂಡು ಹೋಗುತ್ತೇವೆ ಅಂತ ದುಡ್ಡು ತಗೊಂಡವರಿಗೆ

ಗ್ರಾಹಕ ವಿಭಾಗದ ಮುಖ್ಯಸ್ಥರಿಗೆ,

ಏಪ್ರಿಲ್‌ನಲ್ಲಿ ನಿಮ್ಮ 9 ದಿನದ 'ಸಾಂಪ್ರದಾಯಿಕ ಜಪಾನ್' ಪ್ರವಾಸಕ್ಕೆ ಅಪ್ಪ ಅಮ್ಮನ ಜೊತೆ ಬಂದಿದ್ದೆ. ವಾಪಸ್ ಬಂದ ಮೇಲೆ ಆರು ಸಲ ಫೋನ್ ಮಾಡಿದ್ದೇನೆ, ಮೂರು ಮೇಲ್ ಹಾಕಿದ್ದೇನೆ. ಪ್ರತಿ ಸಲವೂ ಸಮಾಧಾನವಾಗೇ ಮಾತಾಡಿದ್ದೇನೆ. ಕಳೆದ ಸೋಮವಾರ ನಿಮ್ಮ ಕಡೆಯವರು "ಮೇಡಂ, ಕೋಯಾಸಾನ್ ಬದಲಿಗೆ ಅಷ್ಟೇ ಬೆಲೆಯ ಇನ್ನೊಂದು ಕಾರ್ಯಕ್ರಮ ಕೊಟ್ಟಿದ್ದೀವಲ್ಲ, ನಿಮ್ಮ ದೂರು ಕ್ಲೋಸ್ ಆಗಿದೆ" ಅಂದರು. ಆ ಇನ್ನೊಂದು ಕಾರ್ಯಕ್ರಮ ಒಸಾಕಾ ಹತ್ತಿರದ ಒಂದು ಔಟ್‌ಲೆಟ್ ಮಾಲ್. ನನ್ನ ದೂರು ಕ್ಲೋಸ್ ಆಗಿಲ್ಲ.

ನಾವು ಯಾಕೆ ನಿಮ್ಮ ಹತ್ತಿರವೇ ಬಂದೆವು ಅಂತ ಮೊದಲು ಹೇಳುತ್ತೇನೆ. ಬೇರೆಯವರ ಪಟ್ಟಿಯಲ್ಲೆಲ್ಲ ಟೋಕಿಯೋ, ಫ್ಯೂಜಿ, ಬುಲೆಟ್ ರೈಲು, ಮುಗೀತು. ನಿಮ್ಮದರಲ್ಲಿ ಮಾತ್ರ 6ನೇ ದಿನ ಬೌದ್ಧ ದೇವಸ್ಥಾನಗಳಿರುವ ಕೋಯಾಸಾನ್ ಬೆಟ್ಟ ಇತ್ತು. ದೇವಸ್ಥಾನದಲ್ಲೇ ರಾತ್ರಿ ತಂಗುವುದು, ಬೆಳಿಗ್ಗೆ ಗೊಮ ನೋಡುವುದು. ಗೊಮ ಅಂದ್ರೆ ಹೋಮವೇ. ಇಲ್ಲಿಂದ ಚೀನಾಕ್ಕೆ ಹೋಗಿ, ಅಲ್ಲಿಂದ ಕೂಕಾಯ್ ಅನ್ನುವ ಸನ್ಯಾಸಿಯ ಜೊತೆ ಜಪಾನಿಗೆ ಹೋದದ್ದು. 816ರಲ್ಲಿ ಅವರಿಗೆ ಆ ಬೆಟ್ಟ ಸಿಕ್ಕಿತು. ಅವರ ಶಿಂಗೋನ್ ಪಂಥದ ಹೆಸರಿನ ಅರ್ಥವೇ ಮಂತ್ರ ಅಂತ. ಅಪ್ಪ 34 ವರ್ಷ ಹೈಸ್ಕೂಲಿನಲ್ಲಿ ಸಂಸ್ಕೃತ ಹೇಳಿಕೊಟ್ಟವರು. ಈಗ ಅವರಿಗೆ 72. ನಿಮ್ಮ ಪುಸ್ತಿಕೆಯ ಆ ಒಂದು ಪುಟ ನೋಡಿಯೇ "ಹೋಗೋಣ ಕಣಮ್ಮ" ಅಂದಿದ್ದು.

ಅಷ್ಟೇ ಅಲ್ಲ. ಕೋಯಾಸಾನಿನ ಒಕುನೊಯಿನ್‌ನಲ್ಲಿ ದೊಡ್ಡ ದೊಡ್ಡ ಮರಗಳ ಕೆಳಗೆ ಎರಡು ಲಕ್ಷಕ್ಕಿಂತ ಜಾಸ್ತಿ ಸಮಾಧಿಗಳಿವೆ. ಅವುಗಳಲ್ಲಿ ಎಷ್ಟೋ ಐದು ಕಲ್ಲು ಒಂದರ ಮೇಲೊಂದು ಇಟ್ಟಂತೆ ಇರುತ್ತವೆ. ಪಂಚಭೂತಗಳು ಅವು. ಕೆಳಗಿನಿಂದ ಮೇಲಕ್ಕೆ ಒಂದೊಂದು ಕಲ್ಲಿಗೂ ಒಂದು ಬೀಜಾಕ್ಷರ: ಅ, ವ, ರ, ಹ, ಖ. ಬರೆದಿರುವುದು ಸಿದ್ಧಂ ಲಿಪಿಯಲ್ಲಿ. ನಮ್ಮಲ್ಲಿ ಆ ಲಿಪಿ ಬಳಕೆಯಿಂದ ಹೋಗಿಬಿಟ್ಟಿದೆ, ಅಲ್ಲಿ ಇನ್ನೂ ಬರೆಯುತ್ತಾರೆ. ಆ ಕಲ್ಲುಗಳನ್ನು ತಾವೇ ಓದಬೇಕು ಅಂತ ಅಪ್ಪ ನಾಲ್ಕು ತಿಂಗಳು ದಿನಾ ಬೆಳಿಗ್ಗೆ ಕೂತು ಲಿಪಿ ಕಲಿತರು. ಒಂದು 100 ಪುಟದ ನೋಟ್‌ಬುಕ್ ತುಂಬಿಸಿದರು. ಅದನ್ನು ಕೈಚೀಲದಲ್ಲೇ ಇಟ್ಟುಕೊಂಡಿದ್ದರು, ಸೂಟ್‌ಕೇಸಿಗೆ ಹಾಕಲು ಬಿಡಲಿಲ್ಲ.

ಕ್ಯೋಟೋದ ಚಹಾ ಕಾರ್ಯಕ್ರಮ ಚೆನ್ನಾಗಿತ್ತು, ಅದನ್ನು ಇಲ್ಲ ಅನ್ನುವುದಿಲ್ಲ. ಮೊದಲು ಸಿಹಿ, ಆಮೇಲೆ ಕಹಿ ಚಹಾ, ಬಟ್ಟಲಿನ ಮುಂಭಾಗಕ್ಕೆ ತುಟಿ ತಾಗದಂತೆ ಅದನ್ನು ತಿರುಗಿಸಿ ಕುಡಿಯುವುದು, ಎಲ್ಲವನ್ನೂ ಚಹಾ ಮಾಡಿಕೊಟ್ಟ ಜಪಾನಿ ಅಮ್ಮ ನಿಧಾನವಾಗಿ ತೋರಿಸಿಕೊಟ್ಟರು. ಆದರೆ ಪೂರ್ತಿ ಸಸ್ಯಾಹಾರ ಅಂತ ಬರೆದುಕೊಟ್ಟು ಮೂರು ದಿನ ಕೊಟ್ಟ ಮಿಸೊ ಸಾರಿನ ತಿಳಿಯನ್ನು ಒಣಮೀನಿನ ಚೂರು ಹಾಕಿ ಮಾಡಿದ್ದರು. ನಾನು ಹೋಟೆಲಿನವರನ್ನು ಕೇಳಿದಾಗಲೇ ಅದು ಗೊತ್ತಾಗಿದ್ದು. ಅಮ್ಮ ಆಮೇಲೆ ಬರೀ ಅನ್ನ, ಉಪ್ಪಿನಕಾಯಿಯಲ್ಲಿ ದಿನ ಕಳೆದರು. ಮೀನಿಲ್ಲದ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲದ ಊಟ ಕೋಯಾಸಾನ್ ದೇವಸ್ಥಾನಗಳಲ್ಲಿ ಸಿಗುತ್ತದೆ. ಅಲ್ಲಿ ತಿಳಿಯನ್ನು ಕಡಲ ಸೊಪ್ಪು, ಅಣಬೆಯಿಂದ ಮಾಡುತ್ತಾರೆ. ಆ ಊಟಕ್ಕೂ ನೀವು ದುಡ್ಡು ತಗೊಂಡಿದ್ದೀರಿ.

5ನೇ ದಿನ ನಾರಾ. ತೊದಾಯ್‌ಜಿ ದೇವಸ್ಥಾನದ ಮಹಾಬುದ್ಧನಿಗೆ ನೀವು ಕೊಟ್ಟಿದ್ದು 25 ನಿಮಿಷ, ಜಿಂಕೆ ಫೋಟೋಗೆ ಮುಕ್ಕಾಲು ಗಂಟೆ. 'ಪರವಾನಗಿ ಇರುವ ಜಪಾನಿ ಗೈಡ್' ಅಂತ ಬರೆದಿದ್ದೀರಿ, ಆ ಗೈಡ್ ಒಂದು ದಿನವೂ ಕಾಣಲಿಲ್ಲ. ಕೊನೆಗೆ ಅಪ್ಪನೇ ಅಲ್ಲಿ ನಿಂತು ಹೇಳಿದರು: 752ರಲ್ಲಿ ಈ ಬುದ್ಧನಿಗೆ ಕಣ್ಣು ಬರೆದವರು ಭಾರತದಿಂದ ಬಂದ ಬೋಧಿಸೇನ, ಅವರು ಹಿಡಿದ ಕುಂಚಕ್ಕೆ ದಾರ ಕಟ್ಟಿದ್ದರು, ಕೆಳಗಿದ್ದ ಜನ ಆ ದಾರ ಹಿಡಿದು ತಾವೂ ಕಣ್ಣು ಬರೆದಂತೆ ಪುಣ್ಯ ಪಡೆದರು ಅಂತ. ನಮ್ಮ ತಂಡದ ಹತ್ತು ಹನ್ನೆರಡು ಜನ ಸುತ್ತ ನಿಂತು ಕೇಳಿದರು. ನಿಮ್ಮ ಟೂರ್ ಮ್ಯಾನೇಜರ್ ಬಾವುಟ ಅಲ್ಲಾಡಿಸುತ್ತಾ "ಟೈಮ್ ಆಯ್ತು, ಟೈಮ್ ಆಯ್ತು" ಅಂತ ಕೂಗುತ್ತಿದ್ದರು.

ಮಾರನೇ ಬೆಳಿಗ್ಗೆ ಆಗಿದ್ದನ್ನು ಪೂರ್ತಿ ಹೇಳುತ್ತೇನೆ. ಫೋನಿನಲ್ಲಿ ಹೇಳಲು ಹೋದಾಗಲೆಲ್ಲ ನಿಮ್ಮವರು ಅರ್ಧದಲ್ಲೇ ತಡೆದಿದ್ದಾರೆ. ಎಂಟೂಕಾಲಿಗೆ ಬಸ್ ಹೊರಟಿತು. ಅಪ್ಪ ಮೂರನೇ ಸಾಲಿನ ಕಿಟಕಿ ಪಕ್ಕ ಕೂತಿದ್ದರು, ತೊಡೆ ಮೇಲೆ ನೋಟ್‌ಬುಕ್. ಅಮ್ಮ ಒಂದು ರಾತ್ರಿಗೆ ಬೇಕಾದ ಬಟ್ಟೆಯನ್ನು ಬೇರೆ ಬ್ಯಾಗಿಗೆ ಹಾಕಿಕೊಂಡಿದ್ದರು. ಟೂರ್ ಮ್ಯಾನೇಜರ್ ಮೈಕ್ ತಗೊಂಡು "ಇವತ್ತು ಎಲ್ಲರಿಗೂ ಒಂದು ಸರ್‌ಪ್ರೈಸ್, ಶಾಪಿಂಗ್!" ಅಂದರು. ಅಪ್ಪ ಕೈ ಎತ್ತಿದರು. ಕ್ಲಾಸಿನಲ್ಲಿ ಮಕ್ಕಳು ಎತ್ತುವ ಹಾಗೆ. "ಇವತ್ತು ಕೋಯಾಸಾನ್ ಅಲ್ವೇನಪ್ಪ?" ಅಂದರು. "ರಸ್ತೆ ಕಿರಿದು ಅಂಕಲ್, ಬಸ್ ಹೋಗಲ್ಲ." "ರೈಲು, ಆಮೇಲೆ ಕೇಬಲ್ ಕಾರ್ ಇದೆಯಲ್ಲಪ್ಪ, ನಿಮ್ಮ ಪುಸ್ತಿಕೆಯಲ್ಲೇ ಬರೆದಿದೆ" ಅಂತ ಅಪ್ಪ ಆ ಪುಟ ತೆಗೆದು ತೋರಿಸಿದರು. ಆಗ ಅವರು ಮೈಕ್ ಬಾಯಿಂದ ತೆಗೆಯದೇ, ಇಡೀ ಬಸ್ಸಿಗೆ ಕೇಳುವ ಹಾಗೆ ಅಂದರು: "ಅಂಕಲ್, ಹೋಮ ನೋಡೋಕೆ ಜಪಾನ್ ಯಾಕೆ? ನಿಮ್ಮ ಮನೆ ಹತ್ರ ರಾಯರ ಮಠ ಇಲ್ವಾ? ಅಲ್ಲಿ ಪ್ರಸಾದನೂ ಫ್ರೀ." ಹಿಂದಿನ ಸೀಟಿನಿಂದ ನಗು ಬಂತು. ಹಿಂದಿನ ದಿನ ಬುದ್ಧನ ಮುಂದೆ ಅಪ್ಪನ ಮಾತು ಕೇಳಿದವರಲ್ಲೂ ಇಬ್ಬರು ನಕ್ಕರು. ಅಪ್ಪ "ಸರಿಯಪ್ಪ" ಅಂದರು. ಪುಸ್ತಿಕೆ ಮಡಚಿದರು. ನೋಟ್‌ಬುಕ್ಕನ್ನು ಕೈಚೀಲದ ತಳಕ್ಕೆ ತಳ್ಳಿದರು. ಮಾಲ್‌ನಲ್ಲಿ ನಾಲ್ಕು ಗಂಟೆ ಒಂದೇ ಬೆಂಚಿನ ಮೇಲೆ ಕೂತಿದ್ದರು. ನಾನು ನೀರು ತಂದು ಕೊಟ್ಟೆ, ಕುಡಿಯಲಿಲ್ಲ.

ರಸ್ತೆ ಕಿರಿದು ಅನ್ನುವುದು ಸುಳ್ಳು. ಮಾಲ್ ಹೊರಗೆ ನಿಂತಿದ್ದಾಗ ಫೋನಿನ ಅನುವಾದ ಆ್ಯಪ್ ಹಿಡಿದು ಡ್ರೈವರನ್ನು ಕೇಳಿದೆ. ಪಾಪ, ಅವರು ತಮ್ಮ ಕೆಲಸದ ಹಾಳೆಯನ್ನೇ ತೋರಿಸಿದರು. 6ನೇ ದಿನಕ್ಕೆ ಮೊದಲಿನಿಂದಲೂ ಮಾಲ್ ಅಂತಲೇ ಇತ್ತು. ಆ ಹಾಳೆಯ ಫೋಟೋ ನನ್ನ ಹತ್ತಿರ ಇದೆ. ಹೊರಡುವ ನಾಲ್ಕು ದಿನ ಮುಂಚೆ ನೀವು ಕಳಿಸಿದ ಹೋಟೆಲ್ ಪಟ್ಟಿಯಲ್ಲೂ ಆ ರಾತ್ರಿ ಒಸಾಕಾ ಅಂತಿತ್ತು. ನಾನು ಫೋನ್ ಮಾಡಿ ಕೇಳಿದೆ. "ಟೈಪಿಂಗ್ ಮಿಸ್ಟೇಕ್ ಮೇಡಂ" ಅಂದಿರಿ. ಅಂದ್ರೆ ನೀವು ಕೋಯಾಸಾನ್‌ನಲ್ಲಿ ಒಂದು ಕೋಣೆಯನ್ನೂ ಕಾದಿರಿಸಿರಲಿಲ್ಲ. ಕರೆದುಕೊಂಡು ಹೋಗುವ ಯೋಚನೆಯೇ ನಿಮಗಿರಲಿಲ್ಲ.

ನಿಮ್ಮದೇ ಷರತ್ತುಗಳ 11ನೇ ಅಂಶ ತೆಗೆದು ನೋಡಿ. ಹವಾಮಾನ, ಮುಷ್ಕರ, ಸರ್ಕಾರದ ಆದೇಶ, ಈ ಮೂರಕ್ಕೆ ಮಾತ್ರ ಕಾರ್ಯಕ್ರಮ ಬದಲಿಸಬಹುದು, ಅದನ್ನೂ ಮೊದಲೇ ಲಿಖಿತವಾಗಿ ತಿಳಿಸಬೇಕು ಅಂತ ನೀವೇ ಬರೆದಿದ್ದೀರಿ. ಅವತ್ತು ಬಿಸಿಲಿತ್ತು, ರೈಲುಗಳು ಓಡುತ್ತಿದ್ದವು.

ಮೂವರ ಕೋಯಾಸಾನ್ ದಿನದ ಪೂರ್ತಿ ಹಣ, ಗೈಡ್ ಹೆಸರಲ್ಲಿ ತಗೊಂಡ ಹಣ, ಇವೆರಡೂ ವಾಪಸ್ ಬರಬೇಕು. ಮತ್ತೆ ಅಪ್ಪನ ಹೆಸರಿಗೆ ಕನ್ನಡದಲ್ಲಿ ಒಂದು ಕ್ಷಮಾಪಣೆ ಪತ್ರ ಬರಬೇಕು. ಮೈಕ್‌ನಲ್ಲಿ ಆಡಿದ ಮಾತನ್ನು ಅದರಲ್ಲಿ ಹಾಗೇ ಬರೆದು, ಅದು ತಪ್ಪು ಅಂತ ಒಪ್ಪಿಕೊಂಡಿರಬೇಕು. ಮುಂದಿನ ಪ್ರವಾಸಕ್ಕೆ 5,000 ರೂಪಾಯಿ ಕೂಪನ್ ಕೊಡ್ತೀವಿ ಅಂತ ಇನ್ನೊಂದು ಸಲ ಫೋನ್ ಮಾಡಬೇಡಿ.

15 ದಿನ ಕಾಯುತ್ತೇನೆ. ವ್ಯಾಜ್ಯ ಏನಿದ್ದರೂ ಮುಂಬೈ ಕೋರ್ಟಿನಲ್ಲೇ ಅಂತ ನಿಮ್ಮ ಕಾಗದದಲ್ಲಿ ಬರೆದುಕೊಂಡಿದ್ದೀರಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನಾನು ವಾಸ ಇರುವ ಊರಿನ ಜಿಲ್ಲಾ ಗ್ರಾಹಕರ ಆಯೋಗದಲ್ಲೇ ದೂರು ಕೊಡಬಹುದು. ಮೈಸೂರಿನಲ್ಲೇ ಕೊಡುತ್ತೇನೆ. ನೀವು ಮುಂಬೈಯಿಂದ ಬನ್ನಿ.

ಅಕ್ಟೋಬರ್ ತಂಡಕ್ಕೆ ನೀವು ಜನ ಸೇರಿಸುತ್ತಿದ್ದೀರಿ, ಜಾಹೀರಾತಿನಲ್ಲಿ ಅದೇ ಕೋಯಾಸಾನ್ ಚಿತ್ರ ಹಾಕಿದ್ದೀರಿ. ಮುಂದಿನ ಭಾನುವಾರ ಮೈಸೂರಿನ ಹೋಟೆಲಿನಲ್ಲಿ ನೀವು ಮಾಹಿತಿ ಸಭೆ ಇಟ್ಟಿರುವುದೂ ಗೊತ್ತು. ಅಲ್ಲಿಗೆ ನಾನು ಬರುತ್ತೇನೆ. ಡ್ರೈವರ್ ಹಾಳೆಯ ಫೋಟೋವನ್ನು 100 ಪ್ರತಿ ಮಾಡಿಸಿ ಆಗಿದೆ, ಒಂದೊಂದು ಕುರ್ಚಿಯ ಮೇಲೂ ಒಂದೊಂದು ಇಡುತ್ತೇನೆ. ಅವತ್ತು ನಿಮ್ಮ ಮೈಕ್ ಕೇಳಿ ತಗೊಂಡು ನಾನೂ ಎರಡು ಮಾತಾಡುತ್ತೇನೆ.

ಇತಿ,
ಏಪ್ರಿಲ್ ತಂಡ, ಮೂರನೇ ಸಾಲಿನ ಕಿಟಕಿ ಪಕ್ಕ ಕೂತಿದ್ದವರ ಮಗಳು
ಮೈಸೂರು