ಏರಿದ್ದನ್ನು ನೋಡಿದೆ, ಇಳಿದದ್ದನ್ನು ನೋಡಿದೆಯಾ?

ಚಿ. ಮೇಧಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಬಿಳಿ ರಕ್ತಕಣಗಳೊಳಗಿನ ಸಂಕೇತಮಾರ್ಗಗಳ ನಕ್ಷೆಯನ್ನು ಗೋಡೆಗೆ ಅಂಟಿಸಿಕೊಂಡು ದಿನಾ ಬಾಯಿಪಾಠ ಮಾಡುತ್ತಿದ್ದೇನೆ ಅಂತ ಬರೆದಿದ್ದೀಯ. ಮಾಡು, ಹೆಸರುಗಳು ನಾಲಿಗೆಯ ತುದಿಯಲ್ಲಿರಬೇಕು. ಆದರೆ ಆ ಬಾಣಗಳು ಯಾವುದು ಯಾವುದನ್ನು ಎಬ್ಬಿಸುತ್ತದೆ ಅಂತಷ್ಟೇ ಹೇಳುತ್ತವೆ. ಎಷ್ಟು ಹೊತ್ತು, ಕೊನೆಗೆ ಮಲಗಿಸುವುದು ಯಾವುದು ಅನ್ನುವುದನ್ನು ನೀನೇ ಹುಡುಕಬೇಕು.

ಬಿಳಿ ರಕ್ತಕಣಗಳಲ್ಲೊಂದಾದ ಟಿ ಕೋಶವನ್ನೇ ತಗೋ. ಅದರ ಗ್ರಾಹಕಕ್ಕೆ ತಕ್ಕ ಪ್ರತಿಜನಕದ (ದೇಹ ಪರಕೀಯವೆಂದು ಗುರುತಿಸುವ ವಸ್ತುವಿನ) ತುಣುಕು ಸಿಕ್ಕಿತೆಂದರೆ ಎಲ್‌ಸಿಕೆ, ಅದರ ಹಿಂದೆ ಝ್ಯಾಪ್-70 ಎಂಬ ಕೈನೇಸ್‌ಗಳು, ಅಂದರೆ ಫಾಸ್ಫೇಟ್ ಅಂಟಿಸುವ ಕಿಣ್ವಗಳು, ಒಂದರ ಬೆನ್ನಿಗೊಂದು ಪ್ರೋಟೀನ್‌ಗಳಿಗೆ ಫಾಸ್ಫೇಟ್ ಅಂಟಿಸುತ್ತಾ ಹೋಗುತ್ತವೆ. ಫಾಸ್ಫೋಲೈಪೇಸ್ ಸಿ ಎಂಬ ಕಿಣ್ವ ಎದ್ದು ಪೊರೆಯ ಒಂದು ಕೊಬ್ಬನ್ನು ಎರಡಾಗಿ ಸೀಳುತ್ತದೆ. ಡಿಎಜಿ ಎಂಬ ಚೂರು ಪೊರೆಯಲ್ಲೇ ಉಳಿಯುತ್ತದೆ. ಐಪಿ3 ಎಂಬ ಇನ್ನೊಂದು ಚೂರು ಒಳಗೆ ಹರಿದು ಕ್ಯಾಲ್ಸಿಯಂ ಉಗ್ರಾಣದ ಬಾಗಿಲು ತೆಗೆಯುತ್ತದೆ. ಉಗ್ರಾಣ ಬರಿದಾದದ್ದು ಅದರ ಕಾವಲು ಪ್ರೋಟೀನ್ ಸ್ಟಿಮ್1ಗೆ ತಿಳಿದು, ಅದು ಹೊರಪೊರೆಯ ಒರೈ1 ದ್ವಾರವನ್ನು ತೆರೆಸುತ್ತದೆ. ಸುಮ್ಮನಿರುವ ಕೋಶದೊಳಗೆ ಕ್ಯಾಲ್ಸಿಯಂ ಸುಮಾರು 100 ನ್ಯಾನೊಮೋಲಾರ್, ಹೊರಗೆ ಅದರ 10,000 ಪಟ್ಟು. ದ್ವಾರ ಕೊಂಚ ಸರಿದರೂ ನುಗ್ಗಿ ಬರುತ್ತದೆ.

ನಕ್ಷೆ ಇಲ್ಲಿಗೆ ಸುಮ್ಮನಾಗುತ್ತದೆ, ನೀನು ಆಗಬೇಡ. ಕ್ಯಾಲ್ಸಿಯಂ ಏರಿದಾಗ ಕ್ಯಾಲ್ಸಿನ್ಯೂರಿನ್ ಎಂಬ ಕಿಣ್ವ, ಜೀನ್‌ಗಳನ್ನು ಎಬ್ಬಿಸುವ ಎನ್‌ಫ್ಯಾಟ್ ಪ್ರೋಟೀನಿನ ಫಾಸ್ಫೇಟ್‌ಗಳನ್ನು ಕಿತ್ತು ಅದನ್ನು ಕೋಶಕೇಂದ್ರಕ್ಕೆ ಕಳಿಸುತ್ತದೆ. ಇಳಿಯಿತೋ, ಕೈನೇಸ್‌ಗಳು ಮತ್ತೆ ಫಾಸ್ಫೇಟ್ ಅಂಟಿಸಿ ಹೊರಗಟ್ಟುತ್ತವೆ. ಹಾಗಾಗಿ ಕ್ಷಣದ ಮಿಂಚು ಸಾಲದು. ಟಿ ಕೋಶಗಳನ್ನು ಬೆಳೆಸುವ ಐಎಲ್-2 ಪ್ರೋಟೀನ್ ತಯಾರಾಗಬೇಕಾದರೆ ಕ್ಯಾಲ್ಸಿಯಂ ಗಂಟೆಗಟ್ಟಲೆ ಮೇಲೆಯೇ ನಿಲ್ಲಬೇಕು. ಒರೈ1ರ ಜೀನ್ ಕೆಟ್ಟಿದ್ದ ಮಕ್ಕಳನ್ನು 2006ರಲ್ಲಿ ಗುರುತಿಸಿದರಲ್ಲ, ಅವರ ರಕ್ತದಲ್ಲಿ ಟಿ ಕೋಶಗಳಿಗೆ ಕೊರತೆ ಇರಲಿಲ್ಲ, ಅವು ಕೆಲಸಕ್ಕೆ ಬರುತ್ತಿರಲಿಲ್ಲ ಅಷ್ಟೆ. ಅಂಗಾಂಗ ಕಸಿಯಾದವರಿಗೆ ಕೊಡುವ ಸೈಕ್ಲೋಸ್ಪೊರಿನ್ ಹಿಡಿಯುವುದೂ ಇದೇ ಕ್ಯಾಲ್ಸಿನ್ಯೂರಿನ್‌ನ ಕೈಯನ್ನು.

ಈ ಬುದ್ಧಿ ನನಗೆ ಸುಲಭವಾಗಿ ಬಂದದ್ದಲ್ಲ. ಜುರ್ಕಾಟ್ ಕೋಶಗಳಲ್ಲಿ (ಪ್ರಯೋಗಾಲಯದಲ್ಲಿ ಬೆಳೆಸುವ, ರಕ್ತಕ್ಯಾನ್ಸರ್‌ನಿಂದ ಬಂದ ಟಿ ಕೋಶಗಳು) ಏನೂ ಕೆರಳಿಸದೆಯೇ ಎಕೆಟಿ ಎಂಬ ಕೈನೇಸ್ ಸದಾ ಎಚ್ಚರವಾಗಿರುವುದನ್ನು ಕಂಡು, ಹೊಸದೇನೋ ಸಿಕ್ಕಿತೆಂದು ತಿಂಗಳುಗಟ್ಟಲೆ ಬೀಗಿದ್ದೆ. ಆಮೇಲೆ ತಿಳಿಯಿತು, ಎಕೆಟಿಯನ್ನು ತಡೆದು ನಿಲ್ಲಿಸುವ ಪಿಟೆನ್ ಎಂಬ ಫಾಸ್ಫಟೇಸೇ (ಫಾಸ್ಫೇಟ್ ಕೀಳುವ ಕಿಣ್ವ) ಆ ಕೋಶಗಳಲ್ಲಿ ಇಲ್ಲ. ನಾನು ಕಂಡದ್ದು ಹೊಸ ಸಂಕೇತವಲ್ಲ, ಬ್ರೇಕ್ ಇಲ್ಲದ ಬಂಡಿ! ಆರೋಗ್ಯವಂತರ ರಕ್ತದಿಂದ ತೆಗೆದ ಕೋಶಗಳಲ್ಲಿ ಒಮ್ಮೆ ನೋಡಿದ್ದರೆ ಒಂದೇ ವಾರದಲ್ಲಿ ಗೊತ್ತಾಗುತ್ತಿತ್ತು. ನೋಡಲಿಲ್ಲ, ಸೋಮಾರಿತನ.

ಆದರೆ ತಾಜಾ ಕೋಶಗಳಿಗೂ ಮೂಗಿನ ತುದಿಯಲ್ಲೇ ಕೋಪ. ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳನ್ನು ಜೋರಾಗಿ ಪಿಪೆಟ್ ಮಾಡಿದರೆ ಸಾಕು, ನೀನು ಅವನ್ನು ಕೆರಳಿಸುವ ಎಫ್‌ಎಂಎಲ್‌ಪಿ ಹಾಕುವ ಮೊದಲೇ ಎದ್ದು ಕೂತಿರುತ್ತವೆ. ಬಫರ್‌ನಲ್ಲಿ ಎಳ್ಳಷ್ಟು ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾ ಪೊರೆಯ ಚೂರು) ಇದ್ದರೆ ಕೋಶದ ಟಿಎಲ್‌ಆರ್4 ಗ್ರಾಹಕ ಅದನ್ನೇ ಬ್ಯಾಕ್ಟೀರಿಯಾ ಎಂದುಕೊಳ್ಳುತ್ತದೆ. ರಕ್ತ ಹೆಪ್ಪುಗಟ್ಟದಂತೆ ಇಡಿಟಿಎ ಹಾಕಿದ ಕೊಳವೆಯ ರಕ್ತವನ್ನು ಸರಿಯಾಗಿ ತೊಳೆಯದೆ ಕ್ಯಾಲ್ಸಿಯಂ ಅಳೆಯಲು ಕೂತೀಯ ಜೋಕೆ, ಇಡಿಟಿಎ ಹಿಡಿದಿಡುವುದೇ ಕ್ಯಾಲ್ಸಿಯಂ ಅನ್ನು. ಏನೂ ಹಾಕದ ಕೋಶಗಳ ಒಂದು ಗುಳಿಯನ್ನು ಹೋಲಿಕೆಗಾಗಿ ಪ್ರತಿ ಪ್ಲೇಟಿನಲ್ಲೂ ಇಡು, ಮೇಷ್ಟ್ರು ಬೇಡವೆಂದರೂ ಇಡು.

ನೀನು ಎನ್‌ಎಫ್-ಕಪ್ಪಾ-ಬಿ ಎಂಬ, ಜೀನ್‌ಗಳನ್ನು ಎಬ್ಬಿಸುವ ಇನ್ನೊಂದು ಪ್ರೋಟೀನಿನ ಬಗ್ಗೆ ಕೇಳಿದ್ದೆ. 1986ರಲ್ಲಿ ರಂಜನ್ ಸೇನ್ ಮತ್ತು ಡೇವಿಡ್ ಬಾಲ್ಟಿಮೋರ್ ಬಿ ಕೋಶಗಳಲ್ಲಿ ಕಂಡದ್ದು ಅದು. ಅದನ್ನು ಕಟ್ಟಿಹಾಕುವ ಐ-ಕಪ್ಪಾ-ಬಿ ನಾಶವಾದರೆ ಅದು ಕೋಶಕೇಂದ್ರಕ್ಕೆ ಹೋಗುತ್ತದೆ. ಹೋಗಿ ಎಬ್ಬಿಸುವ ಜೀನ್‌ಗಳಲ್ಲಿ ಐ-ಕಪ್ಪಾ-ಬಿಯದೂ ಒಂದು. ತನ್ನ ಹಗ್ಗವನ್ನು ತಾನೇ ಹೊಸೆದುಕೊಳ್ಳುತ್ತದೆ ನೋಡು. ಹದಿನೈದನೇ ನಿಮಿಷದಲ್ಲಿ ಒಂದೇ ಒಂದು ಮಾದರಿ ತೆಗೆದು ನಿಲ್ಲಿಸಿದರೆ ಇದು ನಿನ್ನ ಕಣ್ಣಿಗೇ ಬೀಳುವುದಿಲ್ಲ. ಎರಡು ಗಂಟೆಯವರೆಗೂ ಮತ್ತೆ ಮತ್ತೆ ತೆಗೆ, ರಾತ್ರಿ ತಡವಾದರೂ ಸರಿ.

ಮುಂದಿನ ಸಲ ಬರೆಯುವಾಗ ಕ್ಯಾಲ್ಸಿಯಂ ಅಳೆಯುವ ಬಣ್ಣ ಫ್ಯೂರಾ-2ರ ಗ್ರಾಫ್ ಕಳಿಸು. ಶಿಖರವನ್ನಷ್ಟೇ ಕತ್ತರಿಸಿ ಕಳಿಸಬೇಡ, ಪೂರ್ತಿ ಇಳಿಜಾರೂ ಇರಲಿ.

ನಿನ್ನ ದೊಡ್ಡಮ್ಮ